ಮುನ್ನೂರು ಗ್ರಾಮಿನ ಇಟ್ಟಿಗೆ

ಬೆಟ್ಟದ ಚೌಕಿ
ಅಕ್ಟೋಬರ್ ೧೨

ಅಕ್ಕಾ,

ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ, ಬಿಟ್ಟಿದ್ದೇನೆ. ನಿನ್ನೆ ಮಧ್ಯಾಹ್ನ ಇಲ್ಲಿಗೆ ತಲುಪಿದೆ. ಚೌಕಿ ಎಂದರೆ ಎರಡು ಕೋಣೆ, ಒಂದು ಕಬ್ಬಿಣದ ಒಲೆ, ಗೋಡೆ ತುಂಬ ನಕ್ಷೆ. ಬಿರುಗಾಳಿಗೆ ಫೋನಿನ ತಂತಿ ಕಿತ್ತುಹೋಗಿದೆ. ಜೀಪು ಒಂದು ದಿನ ಮೇಲೆ ಬಂದರೆ ಮರುದಿನ ಕೆಳಗಿಳಿಯುತ್ತದೆ. ನೀನು ಬರೆಯುವುದಿದ್ದರೆ ಆ ಚಾಲಕನ ಕೈಗೇ ಕೊಡು.

ಪುಟ್ಟಿಯ ಸುದ್ದಿ ಇಷ್ಟೇ. ಮೂರನೇ ತಾರೀಖು ನಡೆಯಲು ಶುರು ಮಾಡಿದವಳು ಐದಕ್ಕೆ ಮೊದಲ ತಂಗುಮನೆ ತಲುಪಿ ಅಲ್ಲಿನ ಪುಸ್ತಕದಲ್ಲಿ ಸಹಿ ಹಾಕಿದ್ದಾಳೆ. ಎಂಟಕ್ಕೆ ಎರಡನೆಯದನ್ನು ತಲುಪಬೇಕಿತ್ತು. ತಲುಪಿಲ್ಲ. ಹುಡುಕಾಟದವರು ಆ ಪುಸ್ತಕದ ಹಾಳೆ ಹರಿದು ತಂದಿದ್ದಾರೆ. ಅವಳದೇ ಅಕ್ಷರ, ಬಾಲ ಎಳೆದ ಅದೇ ಸಹಿ. ನಾನು ಅದನ್ನು ಒಮ್ಮೆ ಮುಟ್ಟಿ ನೋಡಿ ಕೊಟ್ಟುಬಿಟ್ಟೆ.

ಇಲ್ಲಿನ ಅಧಿಕಾರಿ ಒಳ್ಳೆಯ ಮನುಷ್ಯ. ಬಂದವನನ್ನು ಮೊದಲು ಕೇಳಿದ್ದು, "ಬಡಗಿಗಳೇ, ನಿಮ್ಮ ಮಗಳ ಹತ್ರ ಊಟ ಎಷ್ಟು ದಿನಕ್ಕಿದೆ?" ಎಂದು. ಹನ್ನೆರಡು ದಿನಕ್ಕೆ ನಮ್ಮ ಅಕ್ಕ ಕಟ್ಟಿದ್ದು, ಆಸ್ಪತ್ರೆಯಲ್ಲಿ ರೋಗಿಗಳ ಊಟ ತೂಗುವವಳು, ಗ್ರಾಂ ತಪ್ಪುವುದಿಲ್ಲ ಎಂದೆ. "ಹಾಗಾದ್ರೆ ಪಟ್ಟಿ ತರಿಸಿ. ಊಟ ಇರೋರು ಏನಾದ್ರೂ ಆದ್ರೆ ನೀರಿನ ಹತ್ರ ಕೂತು ಕಾಯ್ತಾರೆ. ಊಟ ಇಲ್ದೋರು ಹತ್ತಿರದ ದಾರಿ ಹುಡುಕ್ಕೊಂಡು ಓಡ್ತಾರೆ. ಎಲ್ಲಿ ಹುಡುಕಬೇಕು ಅನ್ನೋದು ಅದರ ಮೇಲೇ ನಿಂತಿದೆ" ಎಂದರು.

ಪಟ್ಟಿ ಕಳಿಸು. ನಿನ್ನ ಕಾಲಿನ ಪ್ಲಾಸ್ಟರ್ ಬಿಚ್ಚುವವರೆಗೆ ಮೆಟ್ಟಿಲು ಇಳಿಯಬೇಡ.

ನಿನ್ನ ತಮ್ಮ

*

ಮನೆ
ಅಕ್ಟೋಬರ್ ೧೩

ತಮ್ಮಾ,

ಪಟ್ಟಿಯನ್ನು ಬೇರೆ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೇನೆ, ಹಾಗೇ ಅವರ ಕೈಗೆ ಕೊಡು. ನೀನು ಬಾಯಲ್ಲಿ ವಿವರಿಸಲು ಹೋಗಬೇಡ, ನಿನಗೆ ಮಾತು ಬರುವುದಿಲ್ಲ.

ಎರಡು ವಾರ ಈ ಮೇಜಿನ ಮೇಲೆ ನಾನೂ ಅವಳೂ ಕಿತ್ತಾಡಿದ್ದೇವೆ. ಒಲೆ, ಗ್ಯಾಸು, ಪಾತ್ರೆ ಎಲ್ಲ ಸೇರಿದರೆ ಒಂದೂವರೆ ಕಿಲೋ; ಮೇಲಾಗಿ ಆ ಕಾಡಿನಲ್ಲಿ ಬೆಂಕಿ ಹಚ್ಚುವಂತಿಲ್ಲ. ಬೇಯಿಸದೆ ತಿನ್ನುವಂಥದ್ದೇ ಆಗಬೇಕು, ಹೊರಲು ಹಗುರ ಇರಬೇಕು, ಇಡೀ ದಿನ ಬೆಟ್ಟ ಹತ್ತುವ ಶಕ್ತಿಯೂ ಕೊಡಬೇಕು. ಸೇಬು ಇಟ್ಟರೆ, "ಅತ್ತೇ, ಇದು ನೀರು ಹೊರೋ ಕೆಲಸ" ಎಂದು ವಾಪಸ್ ಬುಟ್ಟಿಗೆ ಹಾಕಿದಳು. ಬ್ರೆಡ್ಡು ಇಟ್ಟರೆ, "ಇದು ಗಾಳಿ ಹೊರೋ ಕೆಲಸ." ಮೂವತ್ತು ವರ್ಷ ಎಲ್ಲರಿಗೂ ಎಣ್ಣೆ ಕಡಿಮೆ ಮಾಡಿ, ಎಣ್ಣೆ ಕಡಿಮೆ ಮಾಡಿ ಎಂದು ಗಂಟಲು ಹರಿದುಕೊಂಡವಳು ನಾನು. ಮೊದಲ ಸಲ ಒಬ್ಬಳ ಊಟಕ್ಕೆ ನನ್ನ ಕೈಯಾರೆ ಎಣ್ಣೆ ಸುರಿದೆ.

ಕೊನೆಗೆ ಆದದ್ದು ಇದು. ಹುರಿದ ಕಡಲೆಕಾಯಿ ಅರೆದು, ಅದಕ್ಕೆ ಖರ್ಜೂರ, ಹಾಲಿನ ಪುಡಿ, ಎಣ್ಣೆ ಸೇರಿಸಿ ಅಚ್ಚಿನಲ್ಲಿ ಒತ್ತಿದ್ದು. ಒಂದಕ್ಕೆ ಮುನ್ನೂರು ಗ್ರಾಂ, ಸಾವಿರದ ಏಳುನೂರು ಕ್ಯಾಲೊರಿ. "ಅತ್ತೆ, ಇದು ತಿಂಡಿ ಅಲ್ಲ, ಇಟ್ಟಿಗೆ" ಎಂದು ಅವಳೇ ಹೆಸರಿಟ್ಟಳು. ದಿನಕ್ಕೊಂದು ಇಟ್ಟಿಗೆ, ಹನ್ನೆರಡು. ಜೊತೆಗೆ ದಿನಕ್ಕೊಂದು ದೊಡ್ಡ ಪೊಟ್ಟಣ, ಕಾರ್ನ್‌ಫ್ಲೇಕ್ಸ್ ಮತ್ತು ಒಣಗಿಸಿದ ಸೇಬು. ಅದರಲ್ಲಿ ಬರೀ ಐನೂರ ಎಪ್ಪತ್ತು. ಅದನ್ನೂ ಬೇಡವೆಂದಿದ್ದಳು, ಅಗಿಯಲು ಏನಾದರೂ ಬೇಕು ಎಂದು ನಾನು ಹಟ ಹಿಡಿದು ಹಾಕಿಸಿದೆ. ಅಧಿಕಾರಿಗೆ ಹೇಳು, ದೊಡ್ಡ ಪೊಟ್ಟಣ ನೋಡಿ ಮೋಸಹೋಗಬಾರದು. ಅದು ಬಾಯಿಗೆ ಕೆಲಸ. ಊಟ ಇರುವುದು ಚಿಕ್ಕದರಲ್ಲಿ.

ನಿನಗೆ ಆತುರದಲ್ಲಿ ಕಟ್ಟಿದ್ದು ನಾಲ್ಕು ಇಟ್ಟಿಗೆ, ಒಂದು ಡಬ್ಬಿ ರಸ್ಕು. ಸಪ್ಪೆ ಎಂದು ಮುಖ ಕಿವುಚಬೇಡ, ನಿನ್ನ ರಕ್ತದೊತ್ತಡಕ್ಕೆ ಉಪ್ಪು ಹಾಕಿಲ್ಲ.

ನನಗೆ ಭಯವಾಗುತ್ತಿದೆ. ತಾಯಿ ಇಲ್ಲದ ಕೂಸನ್ನು ಎಂಟು ವರ್ಷದಿಂದ ಇಪ್ಪತ್ನಾಲ್ಕರವರೆಗೆ ಈ ಮೇಜಿನ ಮೇಲೇ ಉಣ್ಣಿಸಿದ್ದೇನೆ. ಬೇಗ ಬರೆ.

ಅಕ್ಕ

*

ಬೆಟ್ಟದ ಚೌಕಿ
ಅಕ್ಟೋಬರ್ ೧೪

ಅಕ್ಕಾ,

ನಿನ್ನ ಪಟ್ಟಿಯನ್ನು ನಕ್ಷೆಯ ಪಕ್ಕ ಗೋಡೆಗೆ ಮೊಳೆ ಹೊಡೆದು ಹಾಕಿದ್ದಾರೆ. ಮೊಳೆ ಹೊಡೆದವನು ನಾನೇ. ಅಧಿಕಾರಿ ಅದನ್ನು ಓದಿ ಉಸಿರು ಬಿಟ್ಟರು. "ಪೂರ್ತಿ ಹನ್ನೆರಡು ದಿನ. ಕೂತಲ್ಲೇ ಕೂತು ಎಳೆದ್ರೆ ಹದಿನೆಂಟಕ್ಕೂ ಮೋಸ ಇಲ್ಲ. ಗಾಬರಿ ಬೇಡ, ನದಿ ದಡನ ಮೊಳ ಮೊಳ ಹುಡುಕೋಣ" ಎಂದರು. ನಾನು ಆ ಹಾಳೆಗೆ ಬೆನ್ನು ಹಾಕಿ ಕೂರುತ್ತೇನೆ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಆ ಚಿಕ್ಕದರಲ್ಲಿ ಸಾವಿರದ ಏಳುನೂರು ಎಂದು ಬರೆದಿದ್ದೀಯ. ಒಂದು ಸೊನ್ನೆ ಹೆಚ್ಚಾಗಿಲ್ಲ ತಾನೆ? ಅಂಗೈಯಷ್ಟಿರುವುದರಲ್ಲಿ ದಿಂಬಿನಷ್ಟಿರುವುದರ ಮೂರು ಪಟ್ಟು ಹೇಗೆ ಇರುತ್ತದೆ? ದೊಡ್ಡದು ಊಟ, ಚಿಕ್ಕದು ನಡುವೆ ಬಾಯಾಡಿಸುವ ಸಿಹಿ ಎಂದೇ ನಾನು ತಿಳಿದಿದ್ದೆ. ನಾನು ಮರ ಅಳೆಯುವವನು, ಉದ್ದಗಲ ನೋಡಿ ಮಾತಾಡುವವನು. ಇನ್ನೊಂದು ಸಲ ಲೆಕ್ಕ ಹಾಕಿ ನೋಡು. ತಪ್ಪಿರಬಹುದು. ತಪ್ಪಿದ್ದರೆ ಒಳ್ಳೆಯದು.

ತಮ್ಮ

*

ಮನೆ
ಅಕ್ಟೋಬರ್ ೧೫

ತಮ್ಮಾ,

ಮಗಳು ಕಾಣೆಯಾಗಿರುವ ಹೊತ್ತಿನಲ್ಲಿ ನನ್ನ ಲೆಕ್ಕದ ಮೇಲೆ ಗುಮಾನಿ ಪಡುತ್ತೀಯಲ್ಲ, ಅದೂ ಒಂದು ಮೊಳೆ ನೆಟ್ಟಗೆ ಹೊಡೆಯಲು ಮೂರು ಸಲ ಗುರಿ ಇಡುವವನು! ಆದರೂ ನಿನ್ನ ಮಾತು ಎದೆಯಲ್ಲಿ ನಾಟಿಕೊಂಡಿತು. ಎದುರಿನ ಔಷಧಿ ಅಂಗಡಿಯವರನ್ನು ಕರೆಸಿ, ಅವರ ಹಿತ್ತಾಳೆಯ ತೂಕದ ಬಟ್ಟುಗಳನ್ನು ನನ್ನ ತಕ್ಕಡಿಯಲ್ಲಿಟ್ಟು ನೋಡಿಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪುಸ್ತಕ ತೆಗೆದು ಕಡಲೆಕಾಯಿಗೆಷ್ಟು, ಎಣ್ಣೆಗೆಷ್ಟು ಎಂದು ಮತ್ತೆ ಕೂಡಿದೆ. ಸೊನ್ನೆ ಹೆಚ್ಚಾಗಿಲ್ಲ. ಎಣ್ಣೆ, ಕಾಯಿ, ಬೀಜ ಇವು ಚಿಕ್ಕ ಜಾಗದಲ್ಲಿ ದೊಡ್ಡ ಊಟ ಬಚ್ಚಿಟ್ಟುಕೊಳ್ಳುತ್ತವೆ ಕಣೋ. ಅದಕ್ಕೇ ಅಲ್ಲವೇ ಅವನ್ನು ಆರಿಸಿದ್ದು.

ಆದರೂ ತಪ್ಪು ನನ್ನದೇ ಇರಬೇಕು. ಹದಿಮೂರನೇ ಇಟ್ಟಿಗೆ ಒಂದನ್ನು ಮಾಡಿದ್ದೆ. ಎಲ್ಲಾದರೂ ಒಂದು ದಿನ ತಡವಾದರೆ ಇರಲಿ ಎಂದು. "ಮುನ್ನೂರು ಗ್ರಾಂ ಜಾಸ್ತಿ ಆಗುತ್ತೆ, ಬೇಡ ಅತ್ತೆ" ಎಂದು ಮೇಜಿನ ಮೇಲೇ ಬಿಟ್ಟುಹೋದಳು. ಅದು ಇನ್ನೂ ಇಲ್ಲೇ ಇದೆ. ಬೈದು ಚೀಲಕ್ಕೆ ತುರುಕಬೇಕಿತ್ತು, ತುರುಕಲಿಲ್ಲ. ಊಟಕ್ಕೆ ಕೂತರೆ ಅದೇ ಕಾಣುತ್ತದೆ, ತಟ್ಟೆ ಸರಿಸಿ ಏಳುತ್ತೇನೆ. ನಾನು ಹೇಗೆ ಬದುಕಲಿ ಹೇಳು.

ಅಕ್ಕ

*

ಬೆಟ್ಟದ ಚೌಕಿ
ಅಕ್ಟೋಬರ್ ೧೬

ಅಕ್ಕಾ,

ತಪ್ಪು ನಿನ್ನದಲ್ಲ. ನಿನ್ನದಲ್ಲವೇ ಅಲ್ಲ. ಆ ಹದಿಮೂರನೆಯದನ್ನು ಕಣ್ಣೆದುರಿನಿಂದ ತೆಗೆದಿಡು. ನೀನು ಒಂದು ಗ್ರಾಂ ಕೂಡ ತಪ್ಪಿಲ್ಲ.

ನದಿ ದಡ ಮುಗಿಯುತ್ತ ಬಂತು. ಏನೂ ಸಿಕ್ಕಿಲ್ಲ. ನಿನ್ನೆ ಹುಡುಕಾಟದ ಒಬ್ಬರು ಮೊದಲ ತಂಗುಮನೆಯ ಆಚೆ, ಮೇಕೆ ಹಾದಿ ಕವಲೊಡೆಯುವ ಕಡೆ ಸಿಕ್ಕಿತು ಎಂದು ಒಂದು ಮರದ ತುಂಡು ತಂದರು. ಅಂಗೈಯಗಲ, ನಾಲ್ಕೂ ಅಂಚು ಉಜ್ಜಿದ್ದು. "ಬಡಗಿಗಳೇ, ನಿಮ್ಮ ಕಸುಬಿನದು, ಇದೇನಿರಬಹುದು?" ಎಂದು ಅಧಿಕಾರಿ ಕೇಳಿದರು. ಯಾವುದೋ ಗೂಟ ಇರಬೇಕು ಎಂದೆ. ಅವರು ಮೂಲೆಗೆ ಹಾಕಿದರು. ಆಮೇಲೆ ನಾನೊಬ್ಬನೇ ಆ ಹಾದಿಯಲ್ಲಿ ಸ್ವಲ್ಪ ದೂರ ಹತ್ತಿ ಹೆಸರು ಹಿಡಿದು ಕೂಗಿದೆ. ಕಲ್ಲು ಜಾರುವ ಹಾದಿ, ಒಬ್ಬನಿಂದ ಆಗಲಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿದೆ.

ಹೊರಡುವ ಹಿಂದಿನ ದಿನ ನಮ್ಮಿಬ್ಬರಿಗೂ ಜಗಳವಾಗಿತ್ತು. ನಿನಗೆ ಹೇಳಿರಲಿಲ್ಲ. ಹೋಗಬೇಡ ಎಂದೆ. "ಅಮ್ಮ ಇದ್ದಿದ್ರೆ ಕಳಿಸ್ತಿದ್ಲು" ಎಂದಳು. ನನಗೆ ಬೇರೆ ಯಾರಿದ್ದಾರೆ ಅಕ್ಕಾ?

ಇವತ್ತು ಬಂಡೆಯ ಮೇಲೆ ಕೂತು ನಿನ್ನ ಇಟ್ಟಿಗೆ ಕಚ್ಚಿದೆ. ಉಪ್ಪಿನ ಹರಳು ನಾಲಿಗೆಗೆ ಸಿಕ್ಕಿತು. ಅಲ್ಲೇ ಅಳು ಬಂತು, ನಿಲ್ಲಿಸಲು ಆಗಲಿಲ್ಲ.

ತಮ್ಮ

*

ಮನೆ
ಅಕ್ಟೋಬರ್ ೧೭, ಬೆಳಗ್ಗೆ

ತಮ್ಮಾ,

ನಿನ್ನ ಕಾಗದ ಮೊದಲ ಸಲ ಓದಿ ಕಣ್ಣೀರು ಹಾಕಿದೆ. ಎರಡನೇ ಸಲ ಓದುವಾಗ ಕೊನೆಯ ಸಾಲುಗಳಲ್ಲಿ ಕಣ್ಣು ನಿಂತಿತು.

ಉಪ್ಪಿನ ಹರಳು ಎಲ್ಲಿಂದ ಬಂತು? ನಿನ್ನ ನಾಲ್ಕರಲ್ಲಿ ಒಂದು ಹರಳೂ ಇಲ್ಲ. ಬೆವರುವವಳಿಗೆ ಬೇಕು ಎಂದು ಅವಳವಕ್ಕೆ ಮಾತ್ರ ನಾನೇ ಚಿಟಿಕೆ ಚಿಟಿಕೆ ಉದುರಿಸಿದ್ದು. ಹದಿಮೂರು ಮಾಡಿದೆ, ಒಂದು ನನ್ನ ಕಣ್ಣೆದುರಿಗಿದೆ, ಹನ್ನೆರಡು ಅವಳ ಚೀಲದಲ್ಲಿ. ಅವಳ ಊಟ ನಿನ್ನ ಬಾಯಿಗೆ ಹೇಗೆ ಬಂತು?

ಉತ್ತರ ಬರೆಯುತ್ತ ಕೂರಬೇಡ, ನಾನೇ ಹೇಳುತ್ತೇನೆ. ಚೀಲ ಹಿಂದಿನ ಸಂಜೆ ನಿಮ್ಮ ಮನೆಗೆ ಹೋಯಿತು. ಬೆಳಗ್ಗೆ ಬಸ್ಸಿಗೆ ಹೋಗುವ ದಾರಿಯಲ್ಲಿ ಮತ್ತೆ ನನ್ನ ತಕ್ಕಡಿಗೆ ನೇತುಹಾಕಿದಳು. ಒಂಬತ್ತು ಕಿಲೋ ನಾನೂರು, ಹಿಂದಿನ ದಿನದಷ್ಟೇ. ನೋಡಿ ಕುಣಿದಳು. ತೆಗೆದದ್ದು ನಿಜವಾದರೆ, ಅಷ್ಟೇ ತೂಕದ್ದು, ಅಷ್ಟೇ ಗಾತ್ರದ್ದು ಏನನ್ನೋ ಅದೇ ಕಾಗದದಲ್ಲಿ ಸುತ್ತಿ ಇಟ್ಟಿರಬೇಕು. ಗೂಟವಂತೆ! ಗೂಟಕ್ಕೆ ಯಾವನೋ ನಾಲ್ಕೂ ಅಂಚು ಉಜ್ಜುತ್ತಾನೆ?

ಮೊದಲ ದಿನ ಬಿಚ್ಚಿ ನೋಡಿ, ಕಟ್ಟಿಗೆ ಕಂಡು, ನಿನ್ನನ್ನು ಬೈಯುತ್ತ ಮನೆಗೆ ಬಂದುಬಿಡುತ್ತಾಳೆ ಎಂದುಕೊಂಡೆ, ಅಲ್ಲವೇ? ಚಿಕ್ಕದು ತಾನೆ, ಸಿಹಿ ತಾನೆ, ಹೋದರೆ ಏನಾಯಿತು ಎಂದುಕೊಂಡೆ. ನಿನ್ನ ಮಗಳ ಗುರುತು ನಿನಗೇ ಇಲ್ಲ. ಊಟ ಕಡಿಮೆಯಾದರೆ ಅವಳು ಹಿಂದಕ್ಕೆ ಬರುವವಳಲ್ಲ, ದಾರಿಯನ್ನೇ ಕಡಿಮೆ ಮಾಡುವವಳು. ನಾಲ್ಕು ತೆಗೆದಿದ್ದರೆ ಅವಳಿಗೆ ಉಳಿದದ್ದು ಒಂಬತ್ತು ದಿನ. ಆರು ತೆಗೆದಿದ್ದರೆ ಏಳೂವರೆ. ಹನ್ನೆರಡು ದಿನದ ದಾರಿಯನ್ನು ಅಷ್ಟಕ್ಕೆ ಇಳಿಸುವ ಹಾದಿ ಯಾವುದು ಎಂದು ಆ ಅಧಿಕಾರಿಯನ್ನು ಕೇಳು. ಮೇಕೆ ಹಾದಿ ಎನ್ನುತ್ತಾರೆ, ನೋಡುತ್ತಿರು. ಮರದ ತುಂಡು ಅಲ್ಲೇ ಬಿದ್ದಿತ್ತು. ನಿನ್ನ ಕೈಯ ಕೆಲಸ ನಿನ್ನ ಕೈಗೇ ಬಂದಿತ್ತು, ನೀನು ಅದನ್ನು ಮೂಲೆಗೆ ಹಾಕಿಸಿದೆ. ಒಬ್ಬನೇ ಹೋಗಿ ಕೂಗಿದನಂತೆ! ನಾಚಿಕೆ ಅಷ್ಟು ದೊಡ್ಡದಾಯಿತೇ, ಮಗಳಿಗಿಂತ?

ಅಧಿಕಾರಿಗೂ ಒಂದು ಕಾಗದ ಬರೆದು ಜೀಪಿನವನ ಕೈಗೆ ಕೊಟ್ಟು, ನಾಳೆಯವರೆಗೆ ಕಾಯದೆ ಇವತ್ತೇ ಮೇಲೆ ಹೊರಡು ಎಂದು ಒಪ್ಪಿಸಿದ್ದೇನೆ. ನಿನ್ನದು ಮೊದಲು ಕೊಡು, ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು ಅವರದು ಕೊಡು ಎಂದಿದ್ದೇನೆ. ಆ ಹೊತ್ತಿನೊಳಗೆ ನೀನೇ ಬಾಯಿ ಬಿಡು. ಅಪ್ಪನೇ ಹೇಳಿದ ಎಂದು ಅವಳಿಗೆ ಗೊತ್ತಾಗಲಿ.

ಕೊನೆಯದಾಗಿ ಇದನ್ನು ಮರೆಯಬೇಡ. ಸಿಕ್ಕಿದರೆ, ಸಿಕ್ಕೇ ಸಿಗುತ್ತಾಳೆ, ಆತುರದಿಂದ ಏನೂ ತಿನ್ನಿಸಬೇಡ. ದಿನಗಟ್ಟಲೆ ಹಸಿದವರಿಗೆ ಒಮ್ಮೆಲೇ ತಿನ್ನಿಸಿದರೆ ಆ ಊಟವೇ ಪ್ರಾಣ ತೆಗೆಯುತ್ತದೆ. ಆಸ್ಪತ್ರೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ವೈದ್ಯರು ಹೇಳಿದಷ್ಟೇ, ಚಮಚದ ಲೆಕ್ಕದಲ್ಲಿ. ಅವಳೇ ಕೇಳಿದರೂ ಕೊಡಬೇಡ.

ಅಕ್ಕ

*

ಬೆಟ್ಟದ ಕೆಳಗಿನ ಆಸ್ಪತ್ರೆ
ಅಕ್ಟೋಬರ್ ೧೯

ಅಕ್ಕಾ,

ಇದ್ದಾಳೆ. ಜೀವ ಇದೆ. ಇದನ್ನು ಮೊದಲು ಬರೆಯಬೇಕು ಎಂದು ಬರೆದೆ.

ನಿನ್ನ ಕಾಗದ ಓದಿ ಚಹಾ ಮುಗಿಯುವವರೆಗೆ ಕಾಯಲಿಲ್ಲ. ಗೋಡೆಯ ಮೇಲಿನ ಪಟ್ಟಿಯ ಹತ್ತಿರ ಹೋಗಿ, ಪೆನ್ಸಿಲಿನಿಂದ ಹನ್ನೆರಡು ಹೊಡೆದು ಆರು ಎಂದು ಬರೆದೆ. ಆರು ಅಕ್ಕಾ. ಬೀಟೆ ಮರದ ಆರು ತುಂಡು, ಒಂದೊಂದೂ ಮುನ್ನೂರು ಗ್ರಾಂ ಬರುವ ಹಾಗೆ ಉಜ್ಜಿದ್ದೆ. ಸಿಟ್ಟಿನಲ್ಲಾದರೂ ತಿರುಗಿ ಬರಲಿ ಎಂದು ಎಲ್ಲಕ್ಕಿಂತ ಮೇಲಿಟ್ಟಿದ್ದೆ. ಇಟ್ಟಿಗೆಗಳನ್ನು ಇಲ್ಲಿಗೆ ತಂದದ್ದು, ಸಿಕ್ಕಿದಾಗ ಅವಳಿಗೇ ಕೊಡೋಣ ಎಂದು. ನನ್ನ ನಾಲ್ಕು ಖಾಲಿಯಾದ ಮೇಲೆ ಅವನ್ನೇ ತಿಂದೆ. ತಿನ್ನದಿದ್ದರೆ ಹುಡುಕಲು ಕಾಲು ಏಳುತ್ತಿರಲಿಲ್ಲ. ಹೀಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅಧಿಕಾರಿ ಬೈಯಲಿಲ್ಲ. "ಮೂರು ದಿನ ನದಿ ದಡ ಹುಡುಕ್ಸಿದ್ರಲ್ಲ ಬಡಗಿಗಳೇ" ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಹತ್ತೇ ನಿಮಿಷದಲ್ಲಿ ಎಲ್ಲರನ್ನೂ ಮೇಕೆ ಹಾದಿಗೆ ತಿರುಗಿಸಿದರು. ಆ ಹಾದಿ ಹಿಡಿದರೆ ನಾಲ್ಕು ದಿನ ಉಳಿಯುತ್ತದಂತೆ. ನೀನು ಹೇಳಿದ್ದೇ ಸರಿ.

ನಿನ್ನೆ ಹನ್ನೊಂದರ ಹೊತ್ತಿಗೆ ಒಂದು ಬಂಡೆಯ ಅಡಿಯಲ್ಲಿ ಸಿಕ್ಕಳು. ಆರನೇ ತಾರೀಖು ಕಲ್ಲು ಜಾರಿ ಬಿದ್ದು ಎಡಗಾಲಿನ ಮೂಳೆ ಮುರಿದಿದೆ. ಬೀಳುವಾಗ ದೊಡ್ಡ ಪೊಟ್ಟಣಗಳೆಲ್ಲ ಕಮರಿಗೆ ಉರುಳಿಹೋದವು. ಉಳಿದದ್ದು ಮೂರು ಇಟ್ಟಿಗೆ. ಮೂರನ್ನು ಹನ್ನೆರಡು ದಿನ ತಿಂದಿದ್ದಾಳೆ, ಉಗುರಿನಷ್ಟು ಉಗುರಿನಷ್ಟು. ಪಕ್ಕದ ಬಂಡೆಯಿಂದ ತೊಟ್ಟಿಕ್ಕುವ ನೀರು ಉಳಿಸಿದೆ. ಮುಖದಲ್ಲಿ ಕಣ್ಣು ಬಿಟ್ಟರೆ ಬೇರೇನೂ ಇಲ್ಲ.

ಅವಳ ಪಕ್ಕದಲ್ಲಿ ನನ್ನ ಐದು ಮರದ ತುಂಡುಗಳು ಸಾಲಾಗಿದ್ದವು. ಒಂದನ್ನು ಕವಲಿನಲ್ಲಿ ಸಿಟ್ಟಿಗೆ ಎಸೆದಿದ್ದಾಳೆ, ಉಳಿದ ಐದನ್ನು ಹೊತ್ತಿದ್ದಾಳೆ. ಅವುಗಳ ಮೇಲೆ ದಿನಗಳನ್ನು ಗೀಚಿದ್ದಾಳೆ. ಒಂದು ಸೇಬಿನ ಭಾರಕ್ಕೆ ಜಗಳವಾಡುವವಳು ಒಂದೂವರೆ ಕಿಲೋ ಕಟ್ಟಿಗೆ ಹೊತ್ತಿದ್ದಾಳೆ; ಯಾಕೆ ಎಂದು ಅಧಿಕಾರಿ ಕೇಳಿದರು. "ಅಪ್ಪನ ಮೇಜಿನ ಮೇಲೆ ಇಡೋಕೆ" ಎಂದಳು.

ನಾನು ಹತ್ತಿರ ಕೂತೆ. ಅಂಗಿಯ ಜೇಬಿನಲ್ಲಿ ಕೊನೆಯ ಇಟ್ಟಿಗೆ ಇತ್ತು, ಆರರಲ್ಲಿ ಉಳಿದದ್ದು ಒಂದು. ಜೇಬು ಉಬ್ಬಿದ್ದು ನೋಡಿದಳು. ನಿನ್ನ ಕಾಗದದ ಸುತ್ತು ಗುರುತು ಹಿಡಿದಳು. ಕೈ ಚಾಚಿದಳು.

ಹುಡುಕಾಟದವರ ಜೊತೆಗಿದ್ದ ವೈದ್ಯ ಹುಡುಗಿ ನನ್ನ ಕಡೆ ನೋಡಿ ತಲೆಯಾಡಿಸಿದಳು. ನೀನೂ ಬರೆದಿದ್ದೆ. ನಾನು ಜೇಬಿನ ಮೇಲೆ ಅಂಗೈ ಒತ್ತಿ ಹಿಡಿದು, ಬೇಡ ಮಗಳೇ ಎಂದೆ.

"ಈಗ್ಲೂ ಕೊಡಲ್ವಾ, ಅಪ್ಪಾ?" ಎಂದಳು.

ಆಮೇಲೆ ಮುಖ ತಿರುಗಿಸಿಕೊಂಡಳು. ಎರಡು ಚಮಚ ಸಕ್ಕರೆ ನೀರು ಕೊಟ್ಟು ಡೋಲಿಯಲ್ಲಿ ಇಳಿಸಿದರು. ಇಲ್ಲಿಯೂ ನಾನು ಒಳಗೆ ಹೋದರೆ ಗೋಡೆಯ ಕಡೆ ತಿರುಗುತ್ತಾಳೆ. ಹೊರಗಿನ ಬೆಂಚಿನ ಮೇಲೆ ಕೂತಿದ್ದೇನೆ. ಇಟ್ಟಿಗೆ ಇನ್ನೂ ಜೇಬಿನಲ್ಲೇ ಇದೆ. ಇದನ್ನು ಏನು ಮಾಡಲಿ?

ತಮ್ಮ

*

ಮನೆ
ಅಕ್ಟೋಬರ್ ೨೦

ತಮ್ಮಾ,

ಇದ್ದಾಳೆ ಎನ್ನುವ ಒಂದು ಪದ ಓದಿ, ಪ್ಲಾಸ್ಟರ್ ಕಾಲಿನಲ್ಲೇ ಇಡೀ ಅಡುಗೆಮನೆ ಸುತ್ತಿದೆ. ಉಳಿದದ್ದನ್ನು ಓದಲು ಸಂಜೆಯಾಯಿತು.

ನಿನ್ನನ್ನು ಕ್ಷಮಿಸಿಲ್ಲ. ಸದ್ಯಕ್ಕೆ ಪುರಸೊತ್ತಿಲ್ಲ, ಕೆಲಸವಿದೆ. ಅಲ್ಲಿನ ವೈದ್ಯರಿಗೆ ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಅವಳ ಮಾಮೂಲಿ ತೂಕ ಎಷ್ಟು, ಏನು ಒಗ್ಗುತ್ತದೆ, ಏನು ಒಗ್ಗುವುದಿಲ್ಲ. ಅವರು ಚಮಚ ಎಂದರೆ ಚಮಚ. ನೀನು ಬಾಗಿಲ ಹೊರಗೇ ಕೂತಿರು, ಎದ್ದು ಎಲ್ಲಿಗೂ ಹೋಗಬೇಡ. ಅವಳು ಗೋಡೆ ನೋಡಿ ಸಾಕಾಗಿ ಈ ಕಡೆ ತಿರುಗಿದಾಗ ಬೆಂಚು ಖಾಲಿ ಇರಬಾರದು.

ಆ ಐದು ಮರದ ತುಂಡು ಯಾರೂ ಎಸೆಯದ ಹಾಗೆ ನೋಡಿಕೊ. ಅವನ್ನು ಅವಳೇ ನಿನ್ನ ಮೇಜಿನ ಮೇಲೆ ಇಡಬೇಕು. ಇಟ್ಟ ಮೇಲೆ ನೀನು ತೆಗೆಯುವಂತಿಲ್ಲ.

ಇಟ್ಟಿಗೆ ಜೇಬಿನಲ್ಲೇ ಇರಲಿ. ಮೂರು ತಿಂಗಳು ಕೆಡುವುದಿಲ್ಲ, ಹಾಗೆಂದೇ ಮಾಡಿದ್ದು. ವೈದ್ಯರು ಹೂಂ ಎಂದ ದಿನ, ಅವಳು ಕೇಳುವ ಮೊದಲೇ ಬಿಚ್ಚಿ ಕೈಗೆ ಕೊಡು. ತಿಂದರೆ ತಿನ್ನಲಿ. ನಿನ್ನ ಮುಖಕ್ಕೇ ಎಸೆದರೆ ಎಸೆಯಲಿ, ಮುನ್ನೂರೇ ಗ್ರಾಂ, ತಡೆದುಕೊ. ಬಿದ್ದಲ್ಲಿಂದ ಎತ್ತಿಕೊಂಡು ಮತ್ತೆ ಕೊಡು.

ಅಕ್ಕ